ಬಿ.ಕಾಂ. ಓದಿ ಲಾರಿ ಓಡಿಸೋದಾ? ಸ್ವಲ್ಪ ಲೆಕ್ಕ ಹಾಕೋಣ ಬನ್ನಿ

ಈ ವಾರದ ಎಪಿಸೋಡ್ ಕೇಳೋಕೆ ಟೈಮ್ ಸಿಗದವರಿಗೆ, ಇಯರ್‌ಫೋನ್ ಮನೇಲಿ ಬಿಟ್ಟು ಬಸ್ ಹತ್ತಿದವರಿಗೆ ಇದು ಅದರ ಬರಹ ರೂಪ. ವಿಷಯ ನೇರವಾಗಿ ಹೇಳ್ತೀನಿ. ಹೆವಿ ವೆಹಿಕಲ್ ಲೈಸೆನ್ಸ್ ಮಾಡಿಸಿ ಲಾಂಗ್ ರೂಟ್ ಲಾರಿ ಓಡಿಸೋಕೆ ಹೋಗಲಾ ಅಂತ ಮೂರು ತಿಂಗಳಿಂದ ಯೋಚಿಸ್ತಿದ್ದೀನಿ. ರೀಲ್ಸ್ ನೋಡಿ ಬಂದ ಆಸೆ ಅಲ್ಲ ಇದು. ನನಗೆ 28 ವರ್ಷ. ಬಿ.ಕಾಂ. ಮುಗಿಸಿ ಮೂರು ವರ್ಷ ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ಸ್ ಹಾಕ್ತಿದ್ದೆ, ಆಮೇಲೆ ಈ ಪಾಡ್‌ಕಾಸ್ಟ್. ಒಂದು ತಿಂಗಳು ಜಾಹೀರಾತಿನ ದುಡ್ಡು ಬರತ್ತೆ, ಮುಂದಿನ ಎರಡು ತಿಂಗಳು ಬರಲ್ಲ. ಮನೆ ಬಾಡಿಗೆ ಮಾತ್ರ ತಪ್ಪದೆ ಐದನೇ ತಾರೀಖಿಗೆ ಬರತ್ತೆ.

ನಮ್ಮೂರು ತುಮಕೂರು ಜಿಲ್ಲೆ. ರಾಷ್ಟ್ರೀಯ ಹೆದ್ದಾರಿ 48ರಿಂದ ಎರಡು ಕಿಲೋಮೀಟರ್ ಒಳಗೆ. ನನ್ನ ಸೋದರಮಾವ ಇಪ್ಪತ್ತೆರಡು ವರ್ಷದಿಂದ ಲಾರಿ ಓಡಿಸ್ತಿದ್ದಾರೆ, ಈಗ ಹನ್ನೆರಡು ಚಕ್ರದ ಗಾಡಿ, ಬೆಂಗಳೂರಿಂದ ದಿಲ್ಲಿ ಕಡೆಗೆ. ಅವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. "ಅಳಿಯ, ನೀನು ಲೆಕ್ಕ ಓದಿರೋನು. ಮೊದಲು ಲೆಕ್ಕ ಹಾಕು, ಆಮೇಲೆ ಮಾತಾಡೋಣ" ಅಂದ್ರು. ಹಾಗಾಗಿ ಇದು ಆ ಲೆಕ್ಕ.

ಲೈಸೆನ್ಸ್ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದು ಅಂದುಕೊಂಡಷ್ಟು ಕಷ್ಟ ಇಲ್ಲ. ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸೋಕೆ 20 ವರ್ಷ ತುಂಬಿರಬೇಕು. ಕಾರು ಓಡಿಸೋ ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು, ಆಮೇಲಷ್ಟೇ ಎಲ್ಎಲ್. ಡಾಕ್ಟರ ಸರ್ಟಿಫಿಕೇಟ್ ಬೇಕು, ಡ್ರೈವಿಂಗ್ ಸ್ಕೂಲ್ ಕೊಡೋ ಸರ್ಟಿಫಿಕೇಟ್ ಬೇಕು. ಸರ್ಕಾರದ ಮಾನ್ಯತೆ ಇರೋ ತರಬೇತಿ ಕೇಂದ್ರಗಳಲ್ಲಿ ಹೆವಿ ಕೋರ್ಸ್ ಅಂದ್ರೆ ಆರು ವಾರದಲ್ಲಿ 38 ಗಂಟೆ. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನೋ ನಿಯಮ ಇತ್ತಲ್ಲ, ಅದನ್ನು 2019ರಲ್ಲಿ ತೆಗೆದುಬಿಟ್ಟರು. ಅಂದ್ರೆ ನನ್ನ ಡಿಗ್ರಿಗೆ ಇಲ್ಲಿ ಐದು ಪೈಸೆ ಬೆಲೆ ಇಲ್ಲ. ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿನ್ಯೂ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ ಪ್ರಕಾರ, ಒಟ್ಟು ತೂಕ 7,500 ಕೆ.ಜಿ. ಒಳಗಿನ ಗೂಡ್ಸ್ ಗಾಡಿ ಓಡಿಸೋಕೆ ಬರೀ ಎಲ್‌ಎಂವಿ ಲೈಸೆನ್ಸ್ ಸಾಕು. ಟಾಟಾ ಏಸ್, ಬೊಲೆರೊ ಪಿಕಪ್ ಎಲ್ಲ ಇದರೊಳಗೇ ಬರತ್ತೆ. ಈ ಕೆಲಸ ನಮಗೆ ಆಗತ್ತಾ ಇಲ್ವಾ ಅಂತ ನೋಡ್ಕೊಳ್ಳೋಕೆ ನೇರವಾಗಿ ಹನ್ನೆರಡು ಚಕ್ರಕ್ಕೇ ಹೋಗಬೇಕಾಗಿಲ್ಲ.

ಈಗ ದುಡ್ಡು. "ಲಾರಿ ಡ್ರೈವರ್‌ಗೆ ಸಂಬಳ ಎಷ್ಟು" ಅಂತ ಹುಡುಕಿದ್ರೆ ಸಿಗೋ ಉತ್ತರ ಯಾವುದನ್ನೂ ನಂಬಬೇಡಿ, ಯಾಕಂದ್ರೆ ಪ್ರಶ್ನೆಯೇ ಸರಿ ಇಲ್ಲ. ಕೆಲವರಿಗೆ ತಿಂಗಳ ಸಂಬಳ, ಮೇಲೆ ದಿನದ ಬಾಟಾ. ಕೆಲವರಿಗೆ ಕಿಲೋಮೀಟರ್ ಲೆಕ್ಕ. ಇನ್ನು ಕೆಲವು ಕಡೆ ಓನರ್ ಒಂದು ಟ್ರಿಪ್‌ಗೆ ಇಷ್ಟು ಅಂತ ಒಟ್ಟಿಗೆ ದುಡ್ಡು ಕೊಟ್ಟುಬಿಡ್ತಾರೆ. ಡೀಸೆಲ್, ಊಟ, ಪಂಕ್ಚರ್, ದಾರಿಯಲ್ಲಿ ಕೈ ಚಾಚೋರ ಮಾಮೂಲು, ಎಲ್ಲ ಅದರಲ್ಲೇ. ಉಳಿದದ್ದು ಡ್ರೈವರ್‌ದು. ನಮ್ಮ ಮಾವ ಇರೋದು ಈ ಮೂರನೇ ಪದ್ಧತಿಯಲ್ಲಿ, ಮತ್ತು ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದೂ ಇದೇ.

ಒಂದು ಉದಾಹರಣೆ ತಗೊಳ್ಳಿ. ಬೆಂಗಳೂರಿಂದ ದಿಲ್ಲಿಗೆ ಸುಮಾರು 2,150 ಕಿ.ಮೀ. ಲೋಡ್ ತುಂಬಿದ ದೊಡ್ಡ ಲಾರಿ ಲೀಟರಿಗೆ ಮೂರೂವರೆ ಕಿ.ಮೀ. ಕೊಡತ್ತೆ ಅಂದುಕೊಳ್ಳೋಣ. 614 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದ್ರೆ 55 ಸಾವಿರ ದಾಟತ್ತೆ, ಅದೂ ಒಂದು ಕಡೆಗೆ. ಅದೇ ಗಾಡಿಯನ್ನ ಸಮಾಧಾನವಾಗಿ, ಬ್ರೇಕ್ ಕಡಿಮೆ ಹಿಡಿದು, ಸರಿಯಾದ ಗೇರಲ್ಲಿ ಓಡಿಸಿ ಮೈಲೇಜ್ ನಾಲ್ಕಕ್ಕೆ ತಂದ್ರೆ? 537 ಲೀಟರ್. ಉಳಿದದ್ದು 77 ಲೀಟರ್, ಹತ್ತಿರ ಹತ್ತಿರ 6,900 ರೂಪಾಯಿ. ಬರೀ ಅರ್ಧ ಕಿಲೋಮೀಟರ್ ಮೈಲೇಜಿನ ವ್ಯತ್ಯಾಸ ಇದು. ನಮ್ಮ ಮಾವ ಕಾರಲ್ಲಿ ಕೂತ್ರೂ ಯಾಕೆ ಅಷ್ಟು ನಿಧಾನ ಅಂತ ಚಿಕ್ಕಂದಿನಲ್ಲಿ ನಾವೆಲ್ಲ ರೇಗಿಸ್ತಿದ್ವಿ. ಅವರ ಬಲಗಾಲು ಇಪ್ಪತ್ತೆರಡು ವರ್ಷದಿಂದ ಅಕೌಂಟ್ಸ್ ಬರೀತಿದೆ ಅಂತ ಈಗ ಗೊತ್ತಾಯ್ತು.

ಆದ್ರೆ ಈ ಲೆಕ್ಕದಲ್ಲಿ ಕಾಣದ ಒಂದು ಕಾಲಂ ಇದೆ: ಕಾಯೋದು. ಲೋಡ್ ಇಳಿಸೋಕೆ ಗೋದಾಮಿನ ಗೇಟಲ್ಲಿ ಎರಡು ದಿನ. ವಾಪಸ್ ಬರೋಕೆ ಬಾಡಿಗೆ ಸಿಗೋವರೆಗೂ ಬ್ರೋಕರ್ ಆಫೀಸ್ ಮುಂದೆ ಮೂರು ದಿನ. ಖಾಲಿ ಬಂದ್ರೆ ಯಾರಿಗೂ ಗಿಟ್ಟಲ್ಲ. ಹಗಲಲ್ಲಿ ಬೆಂಗಳೂರಿನೊಳಗೆ ಹೆವಿ ಗಾಡಿಗಳಿಗೆ ನಿರ್ಬಂಧ, ಹಾಗಾಗಿ ನೆಲಮಂಗಲದ ಆಚೆ ನಿಲ್ಲಿಸ್ಕೊಂಡು ಕತ್ತಲಾಗೋದನ್ನ ಕಾಯಬೇಕು. ಬಂಡೀಪುರದಲ್ಲಿ ಉಲ್ಟಾ. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ರಸ್ತೆ ಬಂದ್, ಗುಂಡ್ಲುಪೇಟೆ ಕಡೆ ಬೆಳಕಾಗೋದನ್ನ ಕಾಯಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ್ರಂತೂ ಅಲ್ಲೇ ಠಿಕಾಣಿ. ಟ್ರಿಪ್ ಲೆಕ್ಕದವರಿಗೆ ಈ ದಿನಗಳಿಗೆಲ್ಲ ಕೂಲಿ ಸೊನ್ನೆ. ಹಾಗಾಗಿ ಒಂದು ಟ್ರಿಪ್‌ಗೆ ಎಷ್ಟು ಉಳೀತು ಅಂತ ಕೇಳಬೇಡಿ, ತಿಂಗಳಿಗೆ ಎಷ್ಟು ಟ್ರಿಪ್ ಆಯ್ತು ಅಂತ ಕೇಳಿ.

ನನ್ನ ಹಳೇ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಜಿಎಸ್‌ಟಿ ಬಂದಿದ್ದು 2017ರ ಜುಲೈ 1ಕ್ಕೆ. ಅದರಿಂದ ರಾಜ್ಯಗಳ ಗಡಿಯಲ್ಲಿದ್ದ ತೆರಿಗೆ ಚೆಕ್‌ಪೋಸ್ಟ್‌ಗಳು ಹೋದ್ವು. ಇದು ಡ್ರೈವರ್‌ಗಳಿಗೆ ನಿಜವಾಗ್ಲೂ ದೊಡ್ಡ ಉಪಕಾರ, ಮಾವ ಈಗ್ಲೂ ಹೊಗಳ್ತಾರೆ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂತು. 50 ಸಾವಿರಕ್ಕಿಂತ ಹೆಚ್ಚಿನ ಮಾಲು ಸಾಗಿಸೋಕೆ ಇದು ಬೇಕು. ಇದರ ಅವಧಿ ಮೊದಲು 100 ಕಿ.ಮೀ.ಗೆ ಒಂದು ದಿನ ಇತ್ತು, 2021ರಿಂದ 200 ಕಿ.ಮೀ.ಗೆ ಒಂದು ದಿನ. ದಿಲ್ಲಿಗೆ ಲೆಕ್ಕ ಹಾಕಿದ್ರೆ 11 ದಿನ ಸಿಗತ್ತೆ, ಧಾರಾಳ. ತೊಂದರೆ ಬರೋದು ಗಾಡಿ ಕೆಟ್ಟು ನಿಂತಾಗ, ರಸ್ತೆ ಬಂದ್ ಆದಾಗ. ಅವಧಿ ಮುಗಿಯೋ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆ ತನಕ ಮಾತ್ರ ಅದನ್ನ ವಿಸ್ತರಿಸೋಕೆ ಅವಕಾಶ. ಅದು ತಪ್ಪಿ ಚೆಕಿಂಗ್‌ನಲ್ಲಿ ಸಿಕ್ಕಿಬಿದ್ರೆ ತೆರಿಗೆಯ ಎರಡು ಪಟ್ಟು ದಂಡದ ತನಕ ಹೋಗಬಹುದು. ಕಟ್ಟೋದು ಪಾರ್ಟಿಯವರೋ ಓನರೋ, ಆದ್ರೆ ಅದು ಇತ್ಯರ್ಥ ಆಗೋವರೆಗೂ ಲಾರಿ ಕಾಯ್ತಾ ಕೂರೋದು ಡ್ರೈವರ್. ಆಡಿಟರ್ ಆಫೀಸಲ್ಲಿ ಎಸಿ ಕೆಳಗೆ ಕೂತು ನಾನು ಇಂಥ ಬಿಲ್ ಎಷ್ಟೋ ಮಾಡಿದ್ದೀನಿ. ಆ ನಂಬರಿನ ಹಿಂದೆ ಒಬ್ಬ ಮನುಷ್ಯ ಗಡಿಯಾರ ನೋಡ್ತಾ ಗಾಡಿ ಓಡಿಸ್ತಿರ್ತಾನೆ ಅನ್ನೋದು ಆ ಸ್ಕ್ರೀನ್‌ನಲ್ಲಿ ಕಾಣಲ್ಲ.

ಇನ್ನು ನಿದ್ದೆ. ನನಗೆ ಭಯ ಇರೋದು ಇದರದ್ದೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಬರೆದಿದ್ರು. ದೂರದ ರೂಟ್‌ಗೆ ದಿನಕ್ಕೆ 10 ಗಂಟೆವರೆಗೆ ವಿನಾಯಿತಿ. ಈಗ ನಾವೇ ಲೆಕ್ಕ ಹಾಕೋಣ. ಘಾಟಿ, ಟೋಲ್, ಊರು ಎಲ್ಲ ಸೇರಿಸಿ ಲೋಡ್ ಗಾಡಿಯ ಸರಾಸರಿ ಗಂಟೆಗೆ 40 ಕಿ.ಮೀ. ಅಂದುಕೊಂಡ್ರೆ, ಹತ್ತು ಗಂಟೆಗೆ 400 ಕಿ.ಮೀ. ಆಯ್ತು. ದಿಲ್ಲಿಗೆ ಐದೂವರೆ ದಿನ. ಪಾರ್ಟಿ "ನಾಲ್ಕೇ ದಿನದಲ್ಲಿ ಮಾಲು ಬೇಕು" ಅಂದ್ರೆ ದಿನಕ್ಕೆ ಹದಿಮೂರೂವರೆ ಗಂಟೆ ಸ್ಟೇರಿಂಗ್ ಹಿಡೀಬೇಕು. ಮೊದಲು ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು ಅನ್ನೋ ನಿಯಮ ಇತ್ತು, 2018ರಲ್ಲಿ ಅದೂ ಹೋಯ್ತು. ಕ್ಲೀನರ್ ಆಗೋಕೆ ಹುಡುಗರು ಸಿಗ್ತಿಲ್ಲ. ಹಾಗಾಗಿ ಮಾವ ಎಷ್ಟೋ ಸಲ ಒಬ್ಬರೇ ಹೋಗ್ತಾರೆ. ರಾತ್ರಿ ಎರಡರಿಂದ ನಾಲ್ಕರ ನಡುವೆ ಏನ್ ಮಾಡ್ತೀರಿ ಅಂತ ಕೇಳಿದೆ. "ನಿಲ್ಲಿಸಿ ಮಲಗ್ತೀನಿ. ಫೋನ್ ಬಂದ್ರೆ ಎತ್ತಲ್ಲ" ಅಂದ್ರು. ಒಂದು ಒಳ್ಳೇದು ಅಂದ್ರೆ, 2025ರ ಅಕ್ಟೋಬರ್ 1ರ ನಂತರ ತಯಾರಾಗೋ ಮಧ್ಯಮ ಮತ್ತು ದೊಡ್ಡ ಲಾರಿಗಳಿಗೆ ಕ್ಯಾಬಿನ್‌ನಲ್ಲಿ ಎಸಿ ಕಡ್ಡಾಯ. ಮೇ ತಿಂಗಳಲ್ಲಿ ನಾಗಪುರ ದಾಟಿದವರಿಗೆ ಇದು ಐಷಾರಾಮ ಅಲ್ಲ ಅಂತ ಗೊತ್ತಿರತ್ತೆ. ಆದ್ರೆ ಹೊಸಬನ ಕೈಗೆ ಹೊಸ ಗಾಡಿ ಯಾರು ಕೊಡ್ತಾರೆ?

ಆ್ಯಕ್ಸಿಡೆಂಟ್ ಆದ್ರೆ? 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. 2024ರ ಜನವರಿ ಮೊದಲ ವಾರ ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತಿದ್ದು ನೆನಪಿದ್ಯಾ? ಹಲವು ರಾಜ್ಯಗಳಲ್ಲಿ ಲಾರಿ, ಟ್ಯಾಂಕರ್ ಡ್ರೈವರ್‌ಗಳು ಮುಷ್ಕರ ಹೂಡಿದ್ದು ಭಾರತೀಯ ನ್ಯಾಯ ಸಂಹಿತೆಯ 106(2)ನೇ ಸೆಕ್ಷನ್ ವಿರುದ್ಧ. ಜೀವ ಹೋಗೋ ಹಾಗೆ ಗುದ್ದಿ, ಯಾರಿಗೂ ತಿಳಿಸದೆ ಓಡಿಹೋದ್ರೆ 10 ವರ್ಷದವರೆಗೆ ಜೈಲು ಅಂತ ಅದರಲ್ಲಿದೆ. ಆ ವರ್ಷ ಜುಲೈ 1ಕ್ಕೆ ಹೊಸ ಕಾನೂನು ಬಂದಾಗ ಈ ಉಪಸೆಕ್ಷನ್ ಒಂದನ್ನ ಮಾತ್ರ ತಡೆಹಿಡಿದ್ರು. ಇಲ್ಲಿ ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪದೇ ಇರಬಹುದು. ಗುದ್ದಿ ಓಡಿಹೋಗೋದು ತಪ್ಪೇ. ಆದ್ರೆ ತಪ್ಪು ಯಾರದ್ದು ಅಂತ ನೋಡದೆ ದೊಡ್ಡ ಗಾಡಿಯವನಿಗೆ ಹೊಡೆಯೋ ಜನರನ್ನೂ ನಾನು ನೋಡಿದ್ದೀನಿ. ಗಾಯಗೊಂಡವರನ್ನ ಆಸ್ಪತ್ರೆಗೆ ಸೇರಿಸೋದು ಡ್ರೈವರ್ ಕರ್ತವ್ಯ ಅನ್ನೋ ಮೋಟಾರು ಕಾಯ್ದೆಯೇ, ಗುಂಪು ರೊಚ್ಚಿಗೆದ್ದಿದ್ರೆ ವಿನಾಯಿತಿ ಅಂತಾನೂ ಹೇಳತ್ತೆ. ಕಾಯ್ದೆ ಬರೆದವರಿಗೂ ನಮ್ಮ ಜನ ಗೊತ್ತಿದ್ರು. ಮಾವ ಹೇಳಿದ್ದು ಇಷ್ಟೇ: ಅಲ್ಲಿ ನಿಲ್ಲೋಕೆ ಆಗದಿದ್ರೆ ಸೀದಾ ಹತ್ತಿರದ ಪೊಲೀಸ್ ಸ್ಟೇಷನ್‌ಗೆ ಹೋಗು, 112ಕ್ಕೆ ಫೋನ್ ಮಾಡು.

"ಡಿಗ್ರಿ ದಂಡ ಆಯ್ತಲ್ಲ" ಅನ್ನೋದು ಅಮ್ಮನ ಮಾತು. ಅವರಿಗೆ ಭೋಪಾಲ್‌ನ ಯೋಗಿತಾ ರಘುವಂಶಿ ವಿಡಿಯೋ ತೋರಿಸಿದೆ. ಕಾಮರ್ಸ್ ಮತ್ತು ಕಾನೂನು ಎರಡೂ ಓದಿದವರು, ಗಂಡ ತೀರಿಕೊಂಡ ಮೇಲೆ ಮಕ್ಕಳನ್ನ ಸಾಕೋಕೆ ಲಾರಿ ಹಿಡಿದವರು. ಅಮ್ಮ ಪೂರ್ತಿ ನೋಡಿ, "ಆಯಮ್ಮಂಗೆ ಕಷ್ಟ ಇತ್ತು, ನಿಂಗೇನ್ ಬಂದಿದೆ?" ಅಂದ್ರು. ಆಮೇಲೆ ಅಸಲು ವಿಷಯ ಹೊರಗೆ ಬಂತು: ಲಾರಿ ಡ್ರೈವರ್‌ಗೆ ಹೆಣ್ಣು ಕೊಡೋರು ಯಾರು? ನಗಬೇಡಿ, ಇದು ನಮ್ಮ ಕಡೆ ನಿಜವಾದ ಪ್ರಶ್ನೆ. ಅತ್ತೆ ಅಂದ್ರೆ ಮಾವನ ಹೆಂಡತಿಯನ್ನ ಕೇಳಿದೆ. ಅವರಿಗೆ ಬೇಜಾರಿರೋದು ದುಡ್ಡಿನ ಬಗ್ಗೆ ಅಲ್ಲ. ಇಬ್ಬರು ಮಕ್ಕಳು ಹುಟ್ಟಿದಾಗಲೂ ಮಾವ ರೋಡಲ್ಲೇ ಇದ್ರಂತೆ.

ಸ್ವಂತ ಲಾರಿ ತಗೋ, ಓನರ್ ಆಗು ಅಂತ ಫ್ರೆಂಡ್ಸ್ ಸಲಹೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರು ಮಾಡಿದ ವಿಜಯ ಸಂಕೇಶ್ವರರ ಕಥೆ ಎಲ್ಲರ ಬಾಯಲ್ಲೂ ಇದೆ, 2022ರಲ್ಲಿ ಸಿನಿಮಾನೂ ಬಂತು. ಆದ್ರೆ ಇಎಂಐಗೆ ಲಾರಿ ನಿಂತಿದ್ಯಾ ಓಡ್ತಿದ್ಯಾ ಗೊತ್ತಾಗಲ್ಲ. ಕಂತು ಕಟ್ಟೋಕೆ ಓವರ್‌ಲೋಡ್ ಹಾಕಿದ್ರೆ ದಂಡ 20 ಸಾವಿರ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2 ಸಾವಿರ. ನಾನು ಆ ದಾರಿ ಬೇಡ ಅಂತ ತೀರ್ಮಾನಿಸಿದ್ದೀನಿ, ಕನಿಷ್ಠ ಮೂರು ವರ್ಷ.

ಲೆಕ್ಕ ಮಾವನಿಗೆ ವಾಟ್ಸಾಪ್ ಮಾಡಿದೆ. ಅವರು ಒಂದೇ ಒಂದು ತಿದ್ದುಪಡಿ ಹೇಳಿದ್ರು: ಟಾರ್ಪಾಲ್, ಹಗ್ಗದ ಖರ್ಚು ಸೇರಿಸಿಲ್ಲ ಅಂತ. ಈಗ ನಿಂತಿರೋದು ಹೀಗೆ. ಎಲ್ಎಲ್‌ಗೆ ಅರ್ಜಿ ಹಾಕಿದ್ದೀನಿ, ಕಣ್ಣಿನ ಟೆಸ್ಟ್ ಆಗಿದೆ. ಲೈಸೆನ್ಸ್ ಬರೋದ್ರೊಳಗೆ ಒಂದು ಟ್ರಿಪ್ ಕ್ಲೀನರ್ ಆಗಿ ಮಾವನ ಜೊತೆ ಹೋಗ್ತೀನಿ, ಹೋಗಿ ಬರೋಕೆ ಎರಡು ವಾರ ಆಗಬಹುದು. ಅಷ್ಟು ದಿನ ಎಪಿಸೋಡ್ ಇರಲ್ಲ. ನಿಮ್ಮ ಅಪ್ಪ, ಅಣ್ಣ, ಗಂಡ ಯಾರಾದ್ರೂ ಲಾಂಗ್ ರೂಟ್ ಓಡಿಸ್ತಿದ್ರೆ, ಅವರು ಮನೆಗೆ ಬಂದ ಮೊದಲ ದಿನ ಹೇಗಿರತ್ತೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಎರಡು ನಿಮಿಷದೊಳಗೆ ಇರಲಿ, ಹೆಸರು ಹೇಳಬೇಕಾಗಿಲ್ಲ.