ಕಡತ ನಿಮ್ಮದು, ಕೀಲಿಕೈ ಯಾರದು?

2017ರ ಅಕ್ಟೋಬರ್ 31. ಪತ್ರಕರ್ತರು, ಸಂಶೋಧಕರು ಸೇರಿದಂತೆ ಹಲವರು ಎಂದಿನಂತೆ ಗಣಕದ ಮುಂದೆ ಕುಳಿತು ಗೂಗಲ್ ಡಾಕ್ಸ್‌ನಲ್ಲಿ ತಾವು ಬರೆಯುತ್ತಿದ್ದ ಕಡತವನ್ನು ತೆರೆಯಹೊರಟರು. ಕಡತ ತೆರೆಯಲಿಲ್ಲ. ಅದು ಸೇವೆಯ ನಿಯಮಗಳನ್ನು ಉಲ್ಲಂಘಿಸಿದೆ ಎಂಬ ಸಂದೇಶ ಮಾತ್ರ ಕಾಣಿಸಿತು. ವನ್ಯಜೀವಿಗಳ ಬಗ್ಗೆ ಲೇಖನ ಬರೆಯುತ್ತಿದ್ದವರೂ ಹೀಗೆ ಹೊರಗುಳಿದವರಲ್ಲಿ ಇದ್ದರು. ಕೆಟ್ಟ ಕಡತಗಳನ್ನು ತಾನಾಗಿಯೇ ಗುರುತಿಸುವ ವ್ಯವಸ್ಥೆಯಲ್ಲಿ ಆದ ತಪ್ಪಿನಿಂದ ಹೀಗಾಯಿತೆಂದು ಕಂಪನಿ ಒಪ್ಪಿಕೊಂಡು ಸರಿಪಡಿಸಿತು. ಬೀಗವೇನೋ ತೆಗೆಯಿತು. ಆದರೆ ಬೀಗವೊಂದು ಇದೆ, ಅದರ ಕೀಲಿಕೈ ತಮ್ಮ ಬಳಿ ಇಲ್ಲ ಎಂಬುದು ಅವರಲ್ಲಿ ಅನೇಕರಿಗೆ ತಿಳಿದದ್ದೇ ಆ ದಿನ.

ಇದು ಹೇಗೆ ಸಾಧ್ಯ? ಸ್ವಂತ ಗಣಕದಲ್ಲಿ ಒಂದು ತಂತ್ರಾಂಶವನ್ನು ಅಳವಡಿಸಿಕೊಂಡರೆ ಅದು ಓಡುವುದು ಆ ಗಣಕದ ಸಂಸ್ಕಾರಕದಲ್ಲಿ. ಟೈಪ್ ಮಾಡಿದ ಪ್ರಬಂಧ ಉಳಿಯುವುದು ಅದರ ಹಾರ್ಡ್ ಡಿಸ್ಕ್‌ನಲ್ಲಿ. ಮನೆಯ ಬಾಗಿಲು ಹಾಕಿ, ದೂರವಾಣಿ ತಂತಿ ಕಿತ್ತರೂ ಕೆಲಸ ನಿಲ್ಲದು. ಅಂತರಜಾಲದ ಮೂಲಕ ಬಳಸುವ ತಂತ್ರಾಂಶದ ಕತೆ ಬೇರೆ. ಅಲ್ಲಿ ಒತ್ತಿದ ಅಕ್ಷರಗಳೆಲ್ಲ ಎಲ್ಲೋ ದೂರದ ದತ್ತಾಂಶ ಕೇಂದ್ರಕ್ಕೆ ಹೋಗಿ, ಅಲ್ಲಿನ ಯಂತ್ರದಲ್ಲಿ ದಾಖಲಾಗುತ್ತವೆ. ಮನೆಯ ಪರದೆ ಒಂದು ಕಿಟಕಿ, ಅಷ್ಟೆ. ‘ಮೋಡ’ ಎಂಬ ಹಗುರವಾದ ಹೆಸರಿದ್ದರೂ ಅದು ಕಬ್ಬಿಣದ ಕಪಾಟುಗಳಲ್ಲಿ ಕುಳಿತ, ವಿದ್ಯುತ್ತನ್ನೂ ತಂಪುಗಾಳಿಯನ್ನೂ ನುಂಗುವ ಬೇರೆಯವರ ಗಣಕ.

ಈ ಏರ್ಪಾಡು ಹೊಸದೇನಲ್ಲ. 1960ರ ದಶಕದಲ್ಲಿ ಗಣಕವೆಂದರೆ ಒಂದು ಕೋಣೆ ತುಂಬುವ ಯಂತ್ರ; ಬಳಸುವವರು ಅದಕ್ಕೆ ಜೋಡಿಸಿದ ಟರ್ಮಿನಲ್‌ಗಳ ಮುಂದೆ ಕುಳಿತು ಅದರ ಸಮಯವನ್ನು ಹಂಚಿಕೊಳ್ಳುತ್ತಿದ್ದರು. ಮುಂದೊಂದು ದಿನ ಗಣನೆಯೂ ದೂರವಾಣಿಯಂತೆ ಸಾರ್ವಜನಿಕ ಸೇವೆಯಾದೀತು ಎಂದು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿ 1961ರಲ್ಲೇ ಹೇಳಿದ್ದರು. 1975ರ ಆಲ್ಟೇರ್, 1981ರ ಐಬಿಎಂ ಪಿ.ಸಿ. ಬಂದ ಮೇಲೆ ಗಣಕ ಜನರ ಮೇಜಿನ ಮೇಲೆ ಬಂತು. ಅದರ ಜೊತೆಗೆ ಯಜಮಾನಿಕೆಯೂ ಬಂತು. ಅದು ಹೆಚ್ಚು ಕಾಲ ಉಳಿಯಲಿಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಹಾಟ್‌ಮೇಲ್ ಆರಂಭಿಸಿದಾಗ ಯಾವ ಊರಿನ ಯಾವ ಗಣಕದಿಂದ ಬೇಕಾದರೂ ಟಪಾಲು ಓದುವಂತಾಯಿತು. ಆರಂಭಕ್ಕೆ ಆರಿಸಿಕೊಂಡ ದಿನ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಅಂತರಜಾಲ ಸಂಪರ್ಕ ಕೊಡುವ ಕಂಪನಿಯ ಹಿಡಿತದಿಂದ ಅದು ಬಿಡುಗಡೆಯೇ ಆಗಿತ್ತು, ನಿಜ. ಆದರೆ ಓದಿದ ಪತ್ರಗಳು ಮನೆಯ ಪೆಟ್ಟಿಗೆಗೆ ಬರುವುದನ್ನು ಬಿಟ್ಟು ಅಂಚೆ ಕಚೇರಿಯಲ್ಲೇ ಉಳಿಯುವ ರೂಢಿಯೂ ಆಗಲೇ ಬೇರೂರಿತು. ಮುಂದಿನ ವರ್ಷಾಂತ್ಯದಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು.

ಪತ್ರದ ನಂತರ ಬರಹ, ಲೆಕ್ಕ, ಚಿತ್ರ ಎಲ್ಲವೂ ಅದೇ ದಾರಿ ಹಿಡಿದವು. ಅಡೋಬಿ ಕಂಪನಿ 2013ರಲ್ಲಿ ಫೋಟೋಶಾಪ್ ಮುಂತಾದ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಮಾರುವುದನ್ನೇ ಬಿಟ್ಟು ಚಂದಾ ಪದ್ಧತಿಗೆ ಹೊರಳಿತು. ಈ ತಂತ್ರಾಂಶಗಳು ಈಗಲೂ ಬಳಸುವವರ ಗಣಕದಲ್ಲೇ ಓಡುತ್ತವೆ. ಆದರೆ ಚಂದಾ ಜೀವಂತವಾಗಿದೆಯೇ ಎಂದು ಅಂತರಜಾಲದ ಮೂಲಕ ಆಗಾಗ ವಿಚಾರಿಸಿಕೊಳ್ಳುತ್ತವೆ. ಇದರ ಬಿಸಿ ವೆನೆಜುವೆಲಾದವರಿಗೆ 2019ರಲ್ಲಿ ತಟ್ಟಿತು. ಅಮೆರಿಕ ಸರ್ಕಾರದ ನಿರ್ಬಂಧದ ಕಾರಣ ಆ ದೇಶದ ಎಲ್ಲ ಖಾತೆಗಳನ್ನೂ ಮುಚ್ಚುವುದಾಗಿ ಕಂಪನಿ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಸರ್ಕಾರದ ವಿಶೇಷ ಅನುಮತಿ ದೊರೆತ ಮೇಲೆ ಆ ನಿರ್ಧಾರ ಬದಲಾಯಿತು. ಅಲ್ಲಿಯವರೆಗೆ ಚಿತ್ರ ಬರೆದು ಜೀವನ ನಡೆಸುವವರ ಪಾಡೇನು?

ವೆನೆಜುವೆಲಾ ದೂರವಾಯಿತು ಎನ್ನುವವರು 2025ರ ಜುಲೈ ತಿಂಗಳನ್ನು ನೆನೆಯಬಹುದು. ಗುಜರಾತಿನ ವಾಡಿನಾರ್‌ನಲ್ಲಿ ದೊಡ್ಡ ತೈಲ ಶುದ್ಧೀಕರಣ ಘಟಕ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯದ ರಾಸ್‌ನೆಫ್ಟ್ ಕಂಪನಿಗೆ ಪಾಲಿದೆ. ಆ ಕಾರಣಕ್ಕೆ ಐರೋಪ್ಯ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಗೆ ಕೊಡುತ್ತಿದ್ದ ಸೇವೆ ನಿಲ್ಲಿಸಿತು. ನೌಕರರಿಗೆ ಇ-ಮೇಲ್ ಇಲ್ಲ, ಸಭೆ ನಡೆಸುವ ಟೀಮ್ಸ್ ಇಲ್ಲ. ನಿರ್ಬಂಧ ಯುರೋಪಿನದು, ತಂತ್ರಾಂಶ ಅಮೆರಿಕದ್ದು, ಕೆಲಸ ನಿಂತದ್ದು ಭಾರತದಲ್ಲಿ! ಪೂರ್ತಿ ಹಣ ತೆತ್ತು ಪಡೆದ ಪರವಾನಗಿಗಳಿವೆ ಎಂದು ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಆ ತಿಂಗಳು ಮುಗಿಯುವುದರೊಳಗೆ ಸೇವೆ ಮರಳಿತು. ಹೈಕೋರ್ಟಿಗೆ ಹೋಗುವ ಶಕ್ತಿ ಅಷ್ಟು ದೊಡ್ಡ ಕಂಪನಿಗಿದೆ, ಪಿ.ಯು. ವಿದ್ಯಾರ್ಥಿಗಿಲ್ಲ.

ಇನ್ನೊಂದು ಬದಿಯನ್ನೂ ನೋಡಬೇಕು. ಮನೆಯ ಹಾರ್ಡ್ ಡಿಸ್ಕ್ ಹೇಳದೆ ಕೇಳದೆ ಸಾಯುತ್ತದೆ. ಪೆನ್‌ಡ್ರೈವ್ ಬಸ್ಸಿನಲ್ಲಿ ಬಿದ್ದುಹೋಗುತ್ತದೆ, ವೈರಸ್ಸನ್ನೂ ಹೊತ್ತು ತರುತ್ತದೆ. ದತ್ತಾಂಶ ಕೇಂದ್ರಗಳು ಒಂದೇ ಕಡತವನ್ನು ಹಲವೆಡೆ ನಕಲು ಮಾಡಿ ಕಾಯುವಷ್ಟು ಜೋಪಾನವಾಗಿ ಯಾವ ಸಂಸಾರವೂ ಕಾಯಲಾರದು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮುಂದುವರಿದದ್ದೂ ಬಹುಮಟ್ಟಿಗೆ ಈ ಸೇವೆಗಳಿಂದಲೇ. ನಾಲ್ವರು ವಿದ್ಯಾರ್ಥಿಗಳು ನಾಲ್ಕು ಊರುಗಳಲ್ಲಿ ಕುಳಿತು ಒಂದೇ ವರದಿ ಬರೆಯುವ ಅನುಕೂಲವನ್ನು ಯಾವ ಫ್ಲಾಪಿಯೂ ಕೊಟ್ಟಿರಲಿಲ್ಲ.

ತೊಡಕಿರುವುದು ‘ಪುಕ್ಕಟೆ’ಯಲ್ಲಿ. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ಎಷ್ಟು ಚಿತ್ರ ಬೇಕಾದರೂ ಇಡಬಹುದಿತ್ತು. 2021ರ ಜೂನ್ 1ರಿಂದ ಹೊಸದಾಗಿ ಇಟ್ಟದ್ದೆಲ್ಲ 15 ಗಿಗಾಬೈಟ್ ಮಿತಿಯೊಳಗೆ, ಅದೂ ಇ-ಮೇಲ್ ಮತ್ತು ಡ್ರೈವ್ ಜೊತೆ ಹಂಚಿಕೊಂಡು. ವಿದ್ಯಾಸಂಸ್ಥೆಗಳಿಗಿದ್ದ ಮಿತಿಯಿಲ್ಲದ ಜಾಗಕ್ಕೂ 2022ರಲ್ಲಿ ಕಡಿವಾಣ ಬಿತ್ತು. ಹಲವು ವಿಶ್ವವಿದ್ಯಾಲಯಗಳು ಹಳೆಯ ವಿದ್ಯಾರ್ಥಿಗಳ ಜಾಗಕ್ಕೆ ಕತ್ತರಿ ಹಾಕಿದವು. ಲಕ್ಷಾಂತರ ಜನ ದಿನವೂ ಸುದ್ದಿ ಓದಲು ಬಳಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ಬಾಗಿಲು ಹಾಕಿತ್ತು. ಇಪ್ಪತ್ತು ವರ್ಷ ಹಿಂದೆ ಸಿ.ಡಿ.ಯಲ್ಲಿ ಕೊಂಡ ತಂತ್ರಾಂಶ ಹಳೆಯ ಗಣಕವೊಂದು ಸಿಕ್ಕರೆ ಇಂದಿಗೂ ಓಡೀತು. ಮುಚ್ಚಿದ ಸೇವೆಯನ್ನು ಓಡಿಸಲು ಯಾವ ಹಳೆಯ ಗಣಕವೂ ಸಾಲದು.

ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 2008ರಲ್ಲೇ ಇದನ್ನು ಬೋನು ಎಂದು ಕರೆದಿದ್ದರು. ಕಠಿಣವಾದ ಮಾತು, ಇ-ಮೇಲ್ ಬಳಸುವವರೆಲ್ಲ ಬೋನಿನಲ್ಲಿದ್ದಾರೆ ಎನ್ನುವುದು ಅತಿಯಾದೀತು. ಆದರೆ ಅವರ ತರ್ಕವನ್ನು ತಳ್ಳಿಹಾಕುವಂತಿಲ್ಲ. ತಂತ್ರಾಂಶದ ಪ್ರತಿ ಕೊಟ್ಟವರು ಅದರ ಮೂಲ ಸಂಕೇತವನ್ನೂ ಕೊಡಬೇಕೆಂಬುದು ಅವರ ಪರವಾನಗಿಯ ಷರತ್ತು. ಸೇವೆ ಕೊಡುವವರು ಪ್ರತಿಯನ್ನೇ ಕೊಡುವುದಿಲ್ಲವಲ್ಲ! ಆ ಕಿಂಡಿ ಮುಚ್ಚಲು 2007ರಲ್ಲಿ ‘ಅಫೆರೋ’ ಹೆಸರಿನ ಪರವಾನಗಿಯ ಮೂರನೆಯ ಆವೃತ್ತಿ ಬಂತು. ಅದು ಅಡುಗೆಯ ವಿಧಾನವನ್ನು ಕೊಡಿಸುತ್ತದೆ. ಅಡುಗೆಮನೆ ಮಾತ್ರ ಬೇರೆಯವರದೇ. ಪಕ್ಕದ ಕೇರಳ ತನ್ನ ಸರ್ಕಾರಿ ಶಾಲೆಗಳಿಗೆ ಸ್ವತಂತ್ರ ತಂತ್ರಾಂಶಗಳನ್ನು ಆರಿಸಿಕೊಂಡಿತು. ಅವು ಶಾಲೆಯ ಗಣಕದಲ್ಲೇ ಓಡುತ್ತವೆ, ವರ್ಷವರ್ಷ ಚಂದಾ ಕಟ್ಟಬೇಕಿಲ್ಲ.

ಮನೆಮಟ್ಟದಲ್ಲಿ ಆಗುವ ಕೆಲಸ ಚಿಕ್ಕದು. ಡಾಕ್ಸ್‌ನ ಕಡತವನ್ನು ಓ.ಡಿ.ಟಿ. ಅಥವಾ ಪಿ.ಡಿ.ಎಫ್. ರೂಪದಲ್ಲಿ ಇಳಿಸಿಕೊಂಡು ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಡಬಹುದು. 2011ರಿಂದ ಇರುವ ‘ಟೇಕ್‌ಔಟ್’ ಸೌಲಭ್ಯ ಇಡೀ ಖಾತೆಯನ್ನೇ ಗಂಟುಕಟ್ಟಿ ಕೊಡುತ್ತದೆ. ಇಲ್ಲೊಂದು ಎಚ್ಚರ: ಡ್ರೈವನ್ನು ಗಣಕಕ್ಕೆ ಜೋಡಿಸಿದಾಗ ಅಲ್ಲಿ ಕಾಣುವ ಡಾಕ್ಸ್ ಕಡತ ನಿಜವಾದ ಕಡತವಲ್ಲ, ಬರಹ ಎಲ್ಲಿದೆ ಎಂದು ತಿಳಿಸುವ ವಿಳಾಸದ ಚೀಟಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಚೀಟಿ ಮಾತ್ರ ಬರುತ್ತದೆ. ಕಡತ ಕೈಯಲ್ಲಿದ್ದರೂ ಅದರ ರೂಪ ಎಲ್ಲರಿಗೂ ತೆರೆದದ್ದಾಗಿರಬೇಕು. ಯೂನಿಕೋಡ್‌ಗೆ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಕಡತ, ಆ ಫಾಂಟಿಲ್ಲದ ಗಣಕದಲ್ಲಿ ಕಲಸುಮೇಲೋಗರವಾಗುವುದನ್ನು ಕಾಣದವರು ಕಡಿಮೆ.

ಎರಡು ವರ್ಷ ಬಳಸದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಶಾಲೆ ಕೊಟ್ಟ ಖಾತೆಯ ಆಯುಷ್ಯವನ್ನು ನಿರ್ಧರಿಸುವುದು ಶಾಲೆ. ಮೂರು ವರ್ಷದ ಪ್ರಾಜೆಕ್ಟು, ಟಿಪ್ಪಣಿ, ಗೆಳೆಯರ ಚಿತ್ರಗಳು ಅದರಲ್ಲಿದ್ದರೆ, ಟಿ.ಸಿ. ಪಡೆದು ಗ್ರಂಥಾಲಯದ ಪುಸ್ತಕ ಹಿಂತಿರುಗಿಸುವ ಮುನ್ನವೇ ಅವನ್ನೂ ಮನೆಗೆ ತಂದುಕೊಳ್ಳುವುದು ಒಳ್ಳೆಯದು.