ದೂರದ ಗಣಕಯಂತ್ರಗಳಲ್ಲಿ ಕಡತಗಳ ಹೊಂದಾಣಿಕೆ

ನಮ್ಮಲ್ಲಿ ಹಲವರಿಗೆ ಇಂದು ಎರಡು ಮನೆ, ಎರಡರಲ್ಲಿಯೂ ಗಣಕಯಂತ್ರ. ಸನಿವೇಲಿನ ಯಂತ್ರದಲ್ಲಿ ಮಕ್ಕಳ ಚಿತ್ರಗಳು, ಮೈಸೂರಿನದರಲ್ಲಿ ಹಿರಿಯರ ಬರಹಗಳು. ಒಂದು ಕೆಟ್ಟರೆ ಇನ್ನೊಂದರಲ್ಲಿ ಪ್ರತಿ ಉಳಿಯಲೆಂಬುದು ಸಹಜವಾದ ಅಪೇಕ್ಷೆ. ಆದರೆ ಪ್ರತಿ ತೆಗೆಯುವುದು ಬೇರೆ, ಎರಡು ಕಡೆಯ ಕಡತಗಳನ್ನು ಸಮವಾಗಿಡುವುದು ಬೇರೆ.

ದೂರದ ಯಂತ್ರಕ್ಕೆ ಕಡತ ಸಾಗಿಸುವ ‘ಆರ್‌ಸಿಪಿ’ ಆಜ್ಞೆಯು ನಮ್ಮ ಕೊಲ್ಲಿಯ ಪೂರ್ವ ದಡದ ಬರ್ಕ್ಲಿ ವಿಶ್ವವಿದ್ಯಾನಿಲಯದ ಯುನಿಕ್ಸ್‌ನಲ್ಲಿ, 1983ರ 4.2 ಬಿಎಸ್‌ಡಿ ಆವೃತ್ತಿಯೊಡನೆ ಬಂದಿತು. ಒಂದು ಸಾಲು ತಿದ್ದಿದರೂ ಅದು ಇಡೀ ಕಡತವನ್ನೇ ಹೊತ್ತೊಯ್ಯುತ್ತಿತ್ತು. 1996ರಲ್ಲಿ ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಹಾಗೂ ಪಾಲ್ ಮ್ಯಾಕೆರಸ್ ‘ಆರ್‌ಸಿಂಕ್’ ರಚಿಸಿ ಈ ಹೊರೆಯನ್ನು ಇಳಿಸಿದರು. ಅದರ ಯುಕ್ತಿ ನಿಜಕ್ಕೂ ಸೊಗಸಾದುದು. ಪಡೆಯುವ ಯಂತ್ರವು ತನ್ನ ಹಳೆಯ ಕಡತವನ್ನು ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಎರಡು ಗುರುತುಸಂಖ್ಯೆಗಳನ್ನು ಲೆಕ್ಕ ಹಾಕಿ ಕಳುಹಿಸುತ್ತದೆ: ಒಂದು ಸುಲಭದ್ದು, ಇನ್ನೊಂದು ಬಿಗಿಯಾದುದು. ಕಳುಹಿಸುವ ಯಂತ್ರವು ತನ್ನ ಹೊಸ ಕಡತದ ಮೇಲೆ ತುಂಡಿನಷ್ಟೇ ಅಗಲದ ಕಿಂಡಿಯೊಂದನ್ನು ಬೈಟ್ ಬೈಟಾಗಿ ಜರುಗಿಸುತ್ತ ಹೋಲಿಸುತ್ತದೆ. ಪ್ರತಿ ಸಲವೂ ಸುಲಭ ಸಂಖ್ಯೆಯನ್ನು ಮೊದಲಿನಿಂದ ಎಣಿಸಬೇಕಿಲ್ಲ. ಹೊರಬಿದ್ದ ಬೈಟಿನ ಪಾಲನ್ನು ಕಳೆದು ಒಳಬಂದುದರ ಪಾಲನ್ನು ಕೂಡಿದರೆ ಸಾಕು. ಅದು ತಾಳೆಯಾದಲ್ಲಿ ಮಾತ್ರ ಬಿಗಿಯಾದ ಪರೀಕ್ಷೆ. ಕೊನೆಗೆ ದಾರಿ ಹಿಡಿಯುವುದು ತಾಳೆಯಾಗದ ಬೈಟುಗಳಷ್ಟೇ. ಉಳಿದವಕ್ಕೆ ತುಂಡಿನ ಕ್ರಮಾಂಕವೇ ಸಾಕು. ಗಾತ್ರ ಹಾಗೂ ತಿದ್ದಿದ ವೇಳೆ ಎರಡೂ ಒಂದೇ ಆಗಿರುವ ಕಡತಗಳನ್ನಂತೂ ಅದು ತೆರೆದೂ ನೋಡುವುದಿಲ್ಲ.

ಅಪಾಯವಿರುವುದು ‘ಡಿಲೀಟ್’ ಎಂಬ ಆಯ್ಕೆಯಲ್ಲಿ. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿಯೂ ಅಳಿಸು ಎಂದು ಅದರ ಅರ್ಥ. ಸನಿವೇಲಿನ ಹೊರ ಡಿಸ್ಕಿನ ತಂತಿ ಸಡಿಲಗೊಂಡ ರಾತ್ರಿ ಅದರ ಡೈರೆಕ್ಟರಿ ಖಾಲಿಯಾಗಿ ಕಾಣುತ್ತದೆ. ‘ಕ್ರಾನ್’ ಎಬ್ಬಿಸಿದ ಸ್ಕ್ರಿಪ್ಟು ಆ ಶೂನ್ಯವನ್ನೇ ನಿಷ್ಠೆಯಿಂದ ಮೈಸೂರಿಗೆ ಒಯ್ದು, ಅಲ್ಲಿದ್ದ ಚಿತ್ರಗಳನ್ನೂ ಅಳಿಸುತ್ತದೆ. ಆದ್ದರಿಂದ ಡಿಸ್ಕಿನೊಳಗೆ ಗುರುತಿನ ಕಡತವೊಂದನ್ನು ಇಟ್ಟು, ಅದು ಕಾಣದಿದ್ದರೆ ನಿಂತುಬಿಡುವ ಸಾಲನ್ನು ಸ್ಕ್ರಿಪ್ಟಿನ ಆರಂಭದಲ್ಲಿಯೇ ಬರೆಯತಕ್ಕದ್ದು. ಅಳಿಸುವ ಕಡತಗಳ ಸಂಖ್ಯೆಗೆ ‘ಮ್ಯಾಕ್ಸ್-ಡಿಲೀಟ್’ ಆಯ್ಕೆಯಿಂದ ಮಿತಿ ಹಾಕಬಹುದು. ಮೊದಲ ಸಲ ‘ಮೈನಸ್ ಎನ್’ ಸೇರಿಸಿ ಓಡಿಸಿದರೆ, ಏನನ್ನೂ ಮುಟ್ಟದೆ, ಮಾಡಲಿರುವುದನ್ನು ಮಾತ್ರ ತೋರಿಸುತ್ತದೆ. ಮೂಲದ ಹೆಸರಿನ ಕೊನೆಯ ಓರೆಗೆರೆಯನ್ನೂ ಗಮನಿಸಬೇಕು: ಇದ್ದರೆ ಡೈರೆಕ್ಟರಿಯ ಒಳಗಿನದು, ಇಲ್ಲದಿದ್ದರೆ ಡೈರೆಕ್ಟರಿಯೇ ಹೋಗುತ್ತದೆ.

ಇನ್ನೊಂದು ಮಾತು. ಆರ್‌ಸಿಂಕ್ ಏಕಮುಖಿ. ಒಂದೇ ಬರಹವನ್ನು ಇಲ್ಲಿಯೂ ಅಲ್ಲಿಯೂ ತಿದ್ದಿದ್ದರೆ, ಅಲ್ಲಿ ತಂದೆಯವರು ತಿದ್ದಿದ್ದು ಹೊಸತಾಗಿದ್ದರೂ ಅಳಿದುಹೋಗಬಹುದು. ಬೇಸಿಗೆಯಲ್ಲಿ ಇಲ್ಲಿಯ ರಾತ್ರಿ 2 ಗಂಟೆಗೆ ಅಲ್ಲಿ ಮಧ್ಯಾಹ್ನ 2.30, ಅವರು ಬರೆಯುತ್ತಿರುವ ಹೊತ್ತು. ಹಿರಿಯರ ಬರಹಗಳಿಗೆ ಪ್ರತ್ಯೇಕ ಡೈರೆಕ್ಟರಿ ಮಾಡಿ, ಅದನ್ನು ಮೈಸೂರಿನಿಂದ ಇತ್ತ ಮಾತ್ರ ತರುವ ಬೇರೊಂದು ಸಾಲನ್ನು ಬರೆಯುವುದು ಲೇಸು.