ಸ್ಟೇರಿಂಗ್ ಚಾಲಕರ ಕೈಲಿ, ಲೆಕ್ಕ ಆ್ಯಪಿನ ಕೈಲಿ

ಆ್ಯಪ್ ಕ್ಯಾಬ್ ವ್ಯವಸ್ಥೆಯಲ್ಲಿ ಕಾರು ಚಾಲಕನದು, ಸಾಲ ಅವನದು, ದುಡಿಮೆಯೂ ಅವನದೇ. ಯಾರನ್ನು ಹತ್ತಿಸಿಕೊಳ್ಳಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಬಾಡಿಗೆ ಪಡೆಯಬೇಕು ಎಂಬುದನ್ನು ಮಾತ್ರ ಕಂಪನಿಯ ಆ್ಯಪ್ ನಿರ್ಧರಿಸುತ್ತದೆ. ಬೆಂಗಳೂರಿನ ಕ್ಯಾಬ್ ಚಾಲಕರು ಪ್ರಯಾಣಿಕರು, ರೇಟಿಂಗ್, ಟಿಪ್ಸ್ ಮತ್ತು ಸುರಕ್ಷತೆಯ ಬಗ್ಗೆ ಆಡುವ ಬಹುಪಾಲು ಮಾತುಗಳ ಮೂಲ ಇದೇ. ತನ್ನ ಕೈಯಲ್ಲಿ ಇಲ್ಲದ ವಿಷಯಗಳಿಗೂ ಚಾಲಕನೇ ಉತ್ತರ ಕೊಡಬೇಕಾಗುತ್ತದೆ.

ಓಲಾ ಶುರುವಾದದ್ದು 2010ರಲ್ಲಿ. ಉಬರ್ 2013ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಬೆಂಗಳೂರಿಗೆ. ಆರಂಭದ ವರ್ಷಗಳಲ್ಲಿ ಎರಡೂ ಕಂಪನಿಗಳು ಪೈಪೋಟಿಗೆ ಬಿದ್ದು ಪ್ರಯಾಣಿಕರಿಗೆ ರಿಯಾಯಿತಿ, ಚಾಲಕರಿಗೆ ಇನ್ಸೆಂಟಿವ್ ಕೊಟ್ಟವು. ಮಂಡ್ಯ, ರಾಮನಗರ, ತುಮಕೂರು, ಕೋಲಾರದಂಥ ಜಿಲ್ಲೆಗಳಿಂದ ಬಂದ ಯುವಕರು ಸಾಲ ಮಾಡಿ ಕಾರು ಕೊಂಡು, ಹಳದಿ ಬೋರ್ಡ್ ಹಾಕಿಸಿ, ಕಂಪನಿಗಳಿಗೆ ಅಟ್ಯಾಚ್ ಮಾಡಿದರು. ರಸ್ತೆಗಿಳಿದ ಕಾರುಗಳ ಸಂಖ್ಯೆ ಏರುತ್ತಾ ಹೋದಂತೆ ಇನ್ಸೆಂಟಿವ್ ಇಳಿಯಿತು. ಬ್ಯಾಂಕಿನ ಕಂತು ಇಳಿಯಲಿಲ್ಲ. 2017ರ ಫೆಬ್ರುವರಿಯಲ್ಲಿ ಬೆಂಗಳೂರಿನ ಆ್ಯಪ್ ಕ್ಯಾಬ್ ಚಾಲಕರು ಮುಷ್ಕರಕ್ಕೆ ಇಳಿದಾಗ ಮುಖ್ಯ ದೂರು ಈ ಕುಸಿದ ಗಳಿಕೆಯೇ ಆಗಿತ್ತು.

ಒಂದು ಟ್ರಿಪ್ಪಿನ ಲೆಕ್ಕ

ಪ್ರಯಾಣಿಕರು ಕೊಟ್ಟ ಹಣವೆಲ್ಲ ಚಾಲಕನಿಗೆ ಸೇರುವುದಿಲ್ಲ. ಕಮಿಷನ್ ಪದ್ಧತಿಯಲ್ಲಿ ಕಂಪನಿ ತನ್ನ ಪಾಲನ್ನು ಮೊದಲೇ ಮುರಿದುಕೊಳ್ಳುತ್ತದೆ. ಕೇಂದ್ರ ಸಾರಿಗೆ ಸಚಿವಾಲಯ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ, ಸ್ವಂತ ಕಾರಿನ ಚಾಲಕನಿಗೆ ಬಾಡಿಗೆಯ ಕನಿಷ್ಠ ಶೇ 80ರಷ್ಟು ಸಿಗಬೇಕು ಎಂದು ಹೇಳಿತು. 2025ರ ಪರಿಷ್ಕರಣೆಯಲ್ಲೂ ಆ ಪಾಲು ಹಾಗೆಯೇ ಉಳಿಯಿತು. ಚಾಲಕನ ಪಾಲಿಗೆ ಬಂದದ್ದರಲ್ಲಿ ಡೀಸೆಲ್ ಅಥವಾ ಸಿಎನ್‌ಜಿ, ಕಾರಿನ ಕಂತು, ವಿಮೆ, ತೆರಿಗೆ, ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ), ಟೈರು, ಸರ್ವಿಸ್ ಎಲ್ಲವೂ ಕಳೆಯಬೇಕು. ಉಳಿದದ್ದು ಮನೆಗೆ.

ಖಾಲಿ ಓಡುವ ಕಿಲೋಮೀಟರುಗಳಿಗೂ ಇಂಧನ ಸುಡುತ್ತದೆ. ಮೂರು ಕಿಲೋಮೀಟರ್ ದೂರದ ಪಿಕಪ್‌ಗೆ ಹೋಗಿ ಐದು ಕಿಲೋಮೀಟರ್‌ನ ಟ್ರಿಪ್ ಮುಗಿಸಿದರೆ, ಕಾರು ಓಡಿದ್ದು ಎಂಟು ಕಿಲೋಮೀಟರ್, ಬಾಡಿಗೆ ಬಂದದ್ದು ಐದಕ್ಕೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಡ್ರಾಪ್ ಸಿಕ್ಕರೆ ಬಾಡಿಗೆ ದೊಡ್ಡದಾಗಿ ಕಾಣುತ್ತದೆ. ಅಲ್ಲಿಂದ ವಾಪಸ್ ಟ್ರಿಪ್ ಸಿಗಲು ಪಾರ್ಕಿಂಗ್‌ನಲ್ಲಿ ಸರದಿ ಕಾಯಬೇಕು. ಕಾಯದಿದ್ದರೆ ಊರಿಗೆ ಖಾಲಿ ಬರಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಸಿಟಿ ಟ್ಯಾಕ್ಸಿಗೂ ಆ್ಯಪ್ ಕ್ಯಾಬ್‌ಗೂ ಏಕರೂಪದ ದರ ನಿಗದಿ ಮಾಡಿತು. ₹10 ಲಕ್ಷದವರೆಗಿನ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರ್‌ಗೆ ₹100, ನಂತರದ ಪ್ರತಿ ಕಿಲೋಮೀಟರ್‌ಗೆ ₹24. ₹10 ಲಕ್ಷದಿಂದ ₹15 ಲಕ್ಷದವರೆಗಿನ ಕಾರಿಗೆ ಇದು ಕ್ರಮವಾಗಿ ₹115 ಮತ್ತು ₹28. ಅದಕ್ಕೂ ಮೇಲ್ಪಟ್ಟದ್ದಕ್ಕೆ ₹130 ಮತ್ತು ₹32. ಆ್ಯಪ್ ತೋರಿಸುವ ಮೊತ್ತ ಈ ದರಕ್ಕೆ ತಾಳೆಯಾಗಬೇಕು ಎಂಬುದು ಚಾಲಕರ ಒತ್ತಾಯ.

ಕಮಿಷನ್ ಬದಲು ದಿನದ ಚಂದಾ ಕಟ್ಟುವ ಪದ್ಧತಿಯೂ ಈಗ ಬೆಳೆದಿದೆ. ಬೆಂಗಳೂರಿನ ಆಟೊ ಚಾಲಕರ ಸಂಘಟನೆಯ ಜೊತೆಗೂಡಿ ರೂಪುಗೊಂಡ ‘ನಮ್ಮ ಯಾತ್ರಿ’ ಈ ದಾರಿ ಹಿಡಿದು ಹೆಸರು ಮಾಡಿತು. ಆಮೇಲೆ ಕ್ಯಾಬ್‌ಗಳಿಗೂ ವಿಸ್ತರಿಸಿತು. ಇದರಲ್ಲಿ ಪ್ರಯಾಣಿಕರು ಕೊಟ್ಟ ಬಾಡಿಗೆ ನೇರವಾಗಿ ಚಾಲಕನ ಕೈ ಸೇರುತ್ತದೆ.

ಪ್ರಯಾಣಿಕರು: ಎರಡು ಕಡೆಯ ಕಿರಿಕಿರಿ

‘ಡ್ರಾಪ್ ಎಲ್ಲಿಗೆ? ಕ್ಯಾಶಾ, ಆನ್‌ಲೈನಾ?’ ಬುಕ್ ಆದ ಕೂಡಲೇ ಬರುವ ಈ ಕರೆ ಪ್ರಯಾಣಿಕರಿಗೆ ಬೇಸರ ತರಿಸುತ್ತದೆ. ಕೇಳುವುದಕ್ಕೆ ಕಾರಣವಿದೆ. ಬಹಳ ಕಾಲ ಟ್ರಿಪ್ ಒಪ್ಪಿಕೊಳ್ಳುವ ಮುನ್ನ ಚಾಲಕನಿಗೆ ಪ್ರಯಾಣಿಕರು ಎಲ್ಲಿಗೆ ಹೋಗುತ್ತಾರೆ ಎಂಬುದೇ ಕಾಣುತ್ತಿರಲಿಲ್ಲ. ರಾತ್ರಿ ಮನೆಗೆ ಹೊರಟವನಿಗೆ ಊರಿನ ಇನ್ನೊಂದು ತುದಿಯ ಡ್ರಾಪ್ ಬಿದ್ದರೆ ಮತ್ತೆ ಎರಡು ಗಂಟೆ ರಸ್ತೆಯಲ್ಲೇ ಕಳೆಯಬೇಕು. ಹಣದ ಪ್ರಶ್ನೆಗೂ ಅಂಥದೇ ಕಾರಣ: ಕಮಿಷನ್ ಪದ್ಧತಿಯಲ್ಲಿ ಆನ್‌ಲೈನ್ ಪಾವತಿ ಮೊದಲು ಕಂಪನಿಗೆ ಹೋಗಿ, ಕಮಿಷನ್ ಕಳೆದು, ಆಮೇಲೆ ಚಾಲಕನ ಖಾತೆಗೆ ಬರುತ್ತದೆ. ಬಂಕಿನಲ್ಲಿ ಗ್ಯಾಸ್ ತುಂಬಿಸಲು ಹಣ ಅಂದೇ ಬೇಕು. ದೂರುಗಳು ಹೆಚ್ಚಿದ ಮೇಲೆ ಉಬರ್ 2022ರಲ್ಲಿ ಡ್ರಾಪ್ ಸ್ಥಳವನ್ನೂ ಪಾವತಿಯ ವಿಧಾನವನ್ನೂ ಚಾಲಕರಿಗೆ ಮೊದಲೇ ತೋರಿಸುವ ಕ್ರಮ ಪ್ರಕಟಿಸಿತು. ಮಾಹಿತಿ ಮುಂಚೆಯೇ ಸಿಕ್ಕರೆ ಕರೆಯ ಅಗತ್ಯವೇ ಬೀಳುವುದಿಲ್ಲ.

ಪ್ರಯಾಣಿಕರ ಬಗ್ಗೆ ಚಾಲಕರು ಹೇಳುವ ದೂರುಗಳು ಸಾಮಾನ್ಯವಾಗಿ ಸಣ್ಣವು, ಆದರೆ ದಿನವೂ ಎದುರಾಗುವಂಥವು. ಪಿಕಪ್ ಗುರುತು ಒಂದು ಕಡೆ, ನಿಂತಿರುವುದು ಇನ್ನೊಂದು ಕಡೆ. ದೊಡ್ಡ ಅಪಾರ್ಟ್‌ಮೆಂಟಿನ ಯಾವ ಗೇಟು ಎಂದು ಹೇಳುವುದಿಲ್ಲ. ಕಾರು ಬಂದು ನಿಂತ ಮೇಲೆ ಲಿಫ್ಟ್ ಇಳಿಯಲು ಶುರು ಮಾಡುತ್ತಾರೆ. ಅಷ್ಟರಲ್ಲಿ ಹಿಂದಿನ ವಾಹನಗಳು ಹಾರ್ನ್ ಹೊಡೆಯುತ್ತವೆ, ನೋ ಪಾರ್ಕಿಂಗ್‌ನಲ್ಲಿ ನಿಂತದ್ದಕ್ಕೆ ದಂಡ ಬಿದ್ದರೆ ಅದು ಚಾಲಕನಿಗೇ. ಕೆಲವರು ಎರಡು ಆ್ಯಪ್‌ಗಳಲ್ಲಿ ಬುಕ್ ಮಾಡಿ ಮೊದಲು ಬಂದದ್ದನ್ನು ಹತ್ತಿ ಇನ್ನೊಂದನ್ನು ಕ್ಯಾನ್ಸಲ್ ಮಾಡುತ್ತಾರೆ. ಐದು ಜನ ಹತ್ತಲು ಬಂದು, ಬೇಡವೆಂದರೆ ಜಗಳಕ್ಕೆ ನಿಲ್ಲುವವರೂ ಇದ್ದಾರೆ.

ಪ್ರಯಾಣಿಕರ ಅಹವಾಲೂ ಸುಳ್ಳಲ್ಲ. ಟ್ರಿಪ್ ಒಪ್ಪಿಕೊಂಡು ಇದ್ದಲ್ಲೇ ನಿಂತು, ಅವರೇ ಕ್ಯಾನ್ಸಲ್ ಮಾಡಲಿ ಎಂದು ಕಾಯುವ ಚಾಲಕರಿದ್ದಾರೆ. ಎಸಿ ಹಾಕಲು ಒಪ್ಪದವರು, ಆ್ಯಪ್ ತೋರಿಸಿದ್ದಕ್ಕಿಂತ ಹೆಚ್ಚು ಕೇಳುವವರೂ ಇದ್ದಾರೆ. ಪ್ರಾಮಾಣಿಕವಾಗಿ ದುಡಿಯುವ ಚಾಲಕರಿಗೇ ಇವರ ಬಗ್ಗೆ ಹೆಚ್ಚು ಸಿಟ್ಟು, ಏಕೆಂದರೆ ಕೆಟ್ಟ ಅನುಭವ ಪಡೆದ ಪ್ರಯಾಣಿಕರು ಮುಂದಿನ ಕಾರನ್ನು ಅನುಮಾನದಿಂದಲೇ ಹತ್ತುತ್ತಾರೆ. ಸಕಾರಣವಿಲ್ಲದೆ ಟ್ರಿಪ್ ರದ್ದು ಮಾಡಿದರೆ ಬಾಡಿಗೆಯ ಶೇ 10ರಷ್ಟು, ಹೆಚ್ಚೆಂದರೆ ₹100 ದಂಡ ಎಂಬ ಕೇಂದ್ರದ ಮಾರ್ಗಸೂಚಿ ಚಾಲಕರಿಗೂ ಪ್ರಯಾಣಿಕರಿಗೂ ಸಮಾನವಾಗಿ ಅನ್ವಯಿಸುವಂಥದ್ದು.

ಚಾಲಕರು ಮೆಚ್ಚಿ ನೆನೆಯುವ ಪ್ರಯಾಣಿಕರು ಹೆಚ್ಚೇನೂ ಮಾಡಿರುವುದಿಲ್ಲ. ಹೇಳಿದ ಜಾಗದಲ್ಲಿ ನಿಂತಿರುತ್ತಾರೆ, ಒಟಿಪಿ ಕೈಯಲ್ಲಿ ಇಟ್ಟುಕೊಂಡಿರುತ್ತಾರೆ, ಬಾಗಿಲನ್ನು ಮೆಲ್ಲಗೆ ಹಾಕುತ್ತಾರೆ, ‘ಅಣ್ಣಾ’ ಎಂದು ಕರೆದು ಮಾತಾಡುತ್ತಾರೆ.

ರೇಟಿಂಗ್: ಒಂದು ಸ್ಟಾರಿನ ಭಾರ

ಟ್ರಿಪ್ ಮುಗಿದ ಮೇಲೆ ಚಾಲಕ ಮತ್ತು ಪ್ರಯಾಣಿಕರು ಪರಸ್ಪರ 1ರಿಂದ 5ರವರೆಗೆ ಸ್ಟಾರ್ ಕೊಡಬಹುದು. ಉಬರ್‌ನಲ್ಲಿ ಕೊನೆಯ 500 ರೇಟಿಂಗ್‌ಗಳ ಸರಾಸರಿಯೇ ಚಾಲಕನ ಅಂಕ. ಹಳೆಯ ಚಾಲಕನಿಗೆ ಒಂದು ಕೆಟ್ಟ ರೇಟಿಂಗ್ ಹೆಚ್ಚು ತಟ್ಟದು. ಹೊಸಬನ ಸ್ಥಿತಿ ಬೇರೆ. ಮೊದಲ ಹತ್ತು ಮಂದಿಯಲ್ಲಿ ಒಂಬತ್ತು ಜನ 5 ಕೊಟ್ಟು ಒಬ್ಬರು 1 ಕೊಟ್ಟರೆ ಸರಾಸರಿ 4.6ಕ್ಕೆ ಇಳಿಯುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ಚಾಲಕರನ್ನು ಆ್ಯಪ್‌ನಿಂದ ಹೊರಗಿಡಲು ಒಂದು ಕಾಲಕ್ಕೆ ಬಳಕೆಯಲ್ಲಿದ್ದ ಗಡಿಯೂ 4.6ರ ಆಸುಪಾಸಿನದೇ.

ಸಾಮಾನ್ಯ ಜನರಿಗೆ ಐದಕ್ಕೆ ನಾಲ್ಕು ಎಂದರೆ ಒಳ್ಳೆಯ ಅಂಕ. ‘ಚೆನ್ನಾಗಿತ್ತು’ ಎಂಬ ಅರ್ಥದಲ್ಲೇ ಅವರು 4 ಒತ್ತುತ್ತಾರೆ. ಎಲ್ಲರೂ ಹಾಗೆ 4 ಕೊಟ್ಟರೆ ಆ ಚಾಲಕನ ಸರಾಸರಿ 4.0 ಆಗುತ್ತದೆ, ಆ್ಯಪಿನ ಲೆಕ್ಕದಲ್ಲಿ ಅದು ತೀರಾ ಕೆಳಗಿನ ಅಂಕ. ಪ್ರಯಾಣದಲ್ಲಿ ತಪ್ಪೇನೂ ಆಗದಿದ್ದರೆ 5 ಕೊಡಿ ಎಂದು ಚಾಲಕರು ಕೇಳಿಕೊಳ್ಳುವುದು ಇದಕ್ಕಾಗಿ.

ಸ್ಟಾರ್ ಕಡಿಮೆಯಾಗಲು ಕಾರಣವಾಗುವ ಸಂಗತಿಗಳಲ್ಲಿ ಹಲವು ಚಾಲಕನವಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಕ್ಕಿಕೊಂಡದ್ದು, ಮಳೆ ಬಂದಾಗ ಬಾಡಿಗೆ ಏರಿದ್ದು, ಮ್ಯಾಪ್ ತೋರಿಸಿದ ಅಡ್ಡರಸ್ತೆ ಮುಂದೆ ಅಗೆದುಹಾಕಿದ್ದು ಎಲ್ಲವೂ ಕೊನೆಗೆ ಚಾಲಕನ ಹೆಸರಿನ ಮುಂದೆಯೇ ಬೀಳುತ್ತವೆ. ಸಿಗ್ನಲ್ ಹಾರಿಸಲು ಒಪ್ಪದ ಚಾಲಕನಿಗೆ, ತಡವಾಯಿತೆಂದು ಸಿಟ್ಟಾದ ಪ್ರಯಾಣಿಕ ಕಡಿಮೆ ಸ್ಟಾರ್ ಕೊಡಬಹುದು. ಆ್ಯಪ್‌ಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಈ ಅಂಕದ ನಿಜವಾದ ಸ್ವರೂಪವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿ 19ರ ಉಬರ್ ತೀರ್ಪಿನಲ್ಲಿ ಬಿಡಿಸಿ ಹೇಳಿತು. ಇತರ ಜಾಲತಾಣಗಳಲ್ಲಿ ರೇಟಿಂಗ್ ಇರುವುದು ಗ್ರಾಹಕರು ನೋಡಿ ಆರಿಸಿಕೊಳ್ಳಲಿ ಎಂದು. ಕ್ಯಾಬ್ ಆ್ಯಪ್‌ನಲ್ಲಿ ಪ್ರಯಾಣಿಕರು ಚಾಲಕನನ್ನು ಆರಿಸಿಕೊಳ್ಳುವುದೇ ಇಲ್ಲ. ರೇಟಿಂಗ್ ಬಳಕೆಯಾಗುವುದು ಕಂಪನಿ ಚಾಲಕನ ಕೆಲಸವನ್ನು ಅಳೆಯಲು, ಬೇಡವೆನಿಸಿದರೆ ತೆಗೆದುಹಾಕಲು. ಚಾಲಕರು ಸ್ವತಂತ್ರ ಗುತ್ತಿಗೆದಾರರು ಎಂಬ ಕಂಪನಿಯ ವಾದವನ್ನು ನ್ಯಾಯಾಲಯ ಒಪ್ಪದಿರಲು ಇದೂ ಒಂದು ಆಧಾರವಾಯಿತು.

ಬೆಂಗಳೂರಿನ ಚಾಲಕರಿಗೆ ಅತಿ ಹೆಚ್ಚು ಭಯ ಹುಟ್ಟಿಸುವ ಮಾತು ‘ಐಡಿ ಬ್ಲಾಕ್’. ಬೆಳಿಗ್ಗೆ ಲಾಗಿನ್ ಆಗಲು ಹೋದರೆ ಆ್ಯಪ್ ತೆರೆಯುವುದಿಲ್ಲ. ಯಾರು ದೂರು ಕೊಟ್ಟರು, ಏನೆಂದು ಕೊಟ್ಟರು ಎಂಬುದು ಸ್ಪಷ್ಟವಾಗಿ ತಿಳಿಯದೆ, ವಿವರಣೆ ಕೊಡಲು ಎದುರಿಗೊಬ್ಬ ಮನುಷ್ಯನೂ ಸಿಗದೆ ದಿನಗಳು ಕಳೆಯುತ್ತವೆ. ಕಂತಿನ ದಿನಾಂಕ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ಟಿಪ್ಸ್: ಮೆಚ್ಚುಗೆಯೋ, ಹರಾಜೋ

ಅಮೆರಿಕದಲ್ಲಿ ಟಿಪ್ಸ್ ಚಾಲಕನ ಆದಾಯದ ನಿರೀಕ್ಷಿತ ಭಾಗ. ಅಲ್ಲಿ ಲಿಫ್ಟ್ ಕಂಪನಿಯ ಆ್ಯಪ್‌ನಲ್ಲಿ ಮೊದಲಿನಿಂದಲೂ ಟಿಪ್ಸ್ ಸೌಲಭ್ಯವಿತ್ತು. ಉಬರ್ ಅದನ್ನು 2017ರಲ್ಲಿ ಸೇರಿಸಿತು. ನಮ್ಮಲ್ಲಿ ಕ್ಯಾಬ್ ಚಾಲಕನಿಗೆ ಟಿಪ್ಸ್ ಕೊಡುವುದು ರೂಢಿಯಲ್ಲ. ನಗದಿನ ಕಾಲದಲ್ಲಿ ‘ಚಿಲ್ಲರೆ ಇಟ್ಕೊಳ್ಳಿ’ ಎಂಬ ಮಾತಿನಲ್ಲಿ ಐದು, ಹತ್ತು ರೂಪಾಯಿ ಉಳಿಯುತ್ತಿತ್ತು. ಯುಪಿಐ ಬಂದ ಮೇಲೆ ₹287 ಎಂದರೆ ₹287 ಮಾತ್ರ ಬರುತ್ತದೆ.

ಈ ನಡುವೆ ಆ್ಯಪ್‌ಗಳು ಮುಂಗಡ ಟಿಪ್ಸ್ ಎಂಬ ಹೊಸ ಕ್ರಮ ತಂದವು: ಕಾರು ಬೇಗ ಬೇಕಿದ್ದರೆ ಬುಕ್ ಮಾಡುವಾಗಲೇ ಹೆಚ್ಚುವರಿ ಹಣ ಸೇರಿಸಿ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಇದನ್ನು ಅನೈತಿಕವೆಂದು ಖಂಡಿಸಿದರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಉಬರ್‌ಗೆ ನೋಟಿಸ್ ಕೊಟ್ಟಿತು. ಆ ವರ್ಷದ ಕೊನೆಯಲ್ಲಿ ಸಾರಿಗೆ ಸಚಿವಾಲಯದ ಮಾರ್ಗಸೂಚಿಗೆ ತಂದ ತಿದ್ದುಪಡಿಯ ಪ್ರಕಾರ ಟಿಪ್ಸ್ ಆಯ್ಕೆ ಪ್ರಯಾಣ ಮುಗಿದ ಮೇಲಷ್ಟೇ ಕಾಣಬೇಕು, ಪೂರ್ತಿ ಮೊತ್ತ ಚಾಲಕನಿಗೇ ಸೇರಬೇಕು.

ಮುಂಗಡ ಟಿಪ್ಸ್ ಬಗ್ಗೆ ಚಾಲಕರಲ್ಲಿ ಒಂದೇ ಅಭಿಪ್ರಾಯವಿಲ್ಲ. ಖಾಲಿ ಓಟದ ಖರ್ಚಾದರೂ ಗಿಟ್ಟುತ್ತದೆ ಎನ್ನುವವರಿದ್ದಾರೆ. ಬಾಡಿಗೆಯೇ ಸರಿಯಾಗಿದ್ದರೆ ಈ ಹರಾಜು ಏಕೆ ಎಂದು ಕೇಳುವವರೂ ಇದ್ದಾರೆ. ಎರಡನೆಯ ಮಾತು ಹೆಚ್ಚು ದೂರ ನೋಡುತ್ತದೆ: ದುಡಿಮೆಗೆ ತಕ್ಕ ಕೂಲಿಯನ್ನು ಪ್ರಯಾಣಿಕರ ಔದಾರ್ಯಕ್ಕೆ ಬಿಡಬಾರದು.

ಸುರಕ್ಷತೆ: ಮುಂದಿನ ಸೀಟೂ ಸೇರಬೇಕು

2014ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ಉಬರ್ ಚಾಲಕನೊಬ್ಬ ಯುವತಿಯ ಮೇಲೆ ಅತ್ಯಾಚಾರ ಎಸಗಿದ ಪ್ರಕರಣ ದೇಶವನ್ನು ಬೆಚ್ಚಿಬೀಳಿಸಿತು. ಚಾಲಕರ ಹಿನ್ನೆಲೆ ಪರಿಶೀಲನೆ ಬಿಗಿಯಾಯಿತು. ಆ್ಯಪ್‌ಗಳಲ್ಲಿ ತುರ್ತು ಬಟನ್ ಬಂತು, ಪ್ರಯಾಣದ ವಿವರವನ್ನು ಮನೆಯವರಿಗೆ ಕಳಿಸುವ ಸೌಲಭ್ಯ ಬಂತು. ಹತ್ತುವ ಮುನ್ನ ನಂಬರ್ ಪ್ಲೇಟ್ ಮತ್ತು ಚಾಲಕನ ಫೋಟೊ ತಾಳೆ ನೋಡುವುದು, ಒಟಿಪಿಯನ್ನು ಕಾರಿನೊಳಗೆ ಕೂತ ಮೇಲಷ್ಟೇ ಹೇಳುವುದು, ಅಪಾಯವೆನಿಸಿದರೆ 112ಕ್ಕೆ ಕರೆ ಮಾಡುವುದು ಪ್ರಯಾಣಿಕರು ತಪ್ಪದೆ ಪಾಲಿಸಬೇಕಾದ ಕ್ರಮಗಳು. ಈ ಎಚ್ಚರಿಕೆಯಿಂದ ಒಳ್ಳೆಯ ಚಾಲಕನಿಗೆ ಅವಮಾನವೇನೂ ಇಲ್ಲ.

ಚಾಲಕನ ಸುರಕ್ಷತೆಯ ಬಗ್ಗೆ ಇಷ್ಟು ವ್ಯವಸ್ಥೆ ಬೆಳೆದಿಲ್ಲ. ಪ್ರಯಾಣಿಕರಿಗೆ ಚಾಲಕನ ಹೆಸರು, ಮುಖ, ಕಾರಿನ ನಂಬರ್ ಎಲ್ಲ ತಿಳಿದಿರುತ್ತದೆ. ಚಾಲಕನಿಗೆ ಕಾಣುವುದು ಒಂದು ಹೆಸರು. ಅದು ನಿಜವೋ ಅಲ್ಲವೋ ಗೊತ್ತಿಲ್ಲ, ಬುಕ್ ಮಾಡಿದವರೇ ಹತ್ತಿದ್ದಾರೋ ಅದೂ ಗೊತ್ತಿಲ್ಲ. ತಡರಾತ್ರಿ ಕುಡಿದು ಹತ್ತಿದವರ ಬೈಗುಳ, ಬಾಡಿಗೆ ಕೊಡದೆ ಇಳಿದುಹೋಗುವುದು, ನಿರ್ಜನ ರಸ್ತೆಯಲ್ಲಿ ಸುಲಿಗೆಯ ಭಯ ರಾತ್ರಿ ಡ್ಯೂಟಿಯ ಜೊತೆಗೇ ಬರುತ್ತವೆ. ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರು ಸ್ವಂತ ಹಣ ಹಾಕಿದ್ದಾರೆ.

ಇನ್ನೊಂದು ಅಪಾಯ ದೇಹದೊಳಗಿನದು. ಗಳಿಕೆ ಕುಸಿದಾಗ ಚಾಲಕರು ದುಡಿಯುವ ಗಂಟೆ ಹೆಚ್ಚಿಸುತ್ತಾರೆ. ದಿನಕ್ಕೆ 12 ಗಂಟೆ ಮೀರಬಾರದು, ಆಮೇಲೆ 10 ಗಂಟೆ ವಿರಾಮ ಬೇಕು ಎಂದು 2020ರ ಮಾರ್ಗಸೂಚಿ ಹೇಳಿತ್ತು. ಒಂದು ಆ್ಯಪ್‌ನಿಂದ ಹೊರಬಂದು ಇನ್ನೊಂದಕ್ಕೆ ಲಾಗಿನ್ ಆದರೆ ಆ ಮಿತಿ ಕಾಗದದಲ್ಲೇ ಉಳಿಯುತ್ತದೆ. ಬೆನ್ನುನೋವು, ಹೊತ್ತು ತಪ್ಪಿದ ಊಟ, ಶೌಚಾಲಯ ಸಿಗದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಅಭ್ಯಾಸ ಇವೆಲ್ಲ ವರ್ಷಗಟ್ಟಲೆ ದೇಹವನ್ನು ತಿನ್ನುತ್ತವೆ. ನಿದ್ದೆಗೆಟ್ಟ ಚಾಲಕನ ಕಾರಿನಲ್ಲಿ ಪ್ರಯಾಣಿಕರೂ ಸುರಕ್ಷಿತರಲ್ಲ. ಇಬ್ಬರ ಸುರಕ್ಷತೆಯನ್ನು ಬೇರೆ ಬೇರೆಯಾಗಿ ನೋಡುವುದೇ ತಪ್ಪು.

ಕಾನೂನು ಕೊಟ್ಟದ್ದು

ಕರ್ನಾಟಕದ ಗಿಗ್ (ಆ್ಯಪ್ ಆಧಾರಿತ) ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ಇದರಂತೆ ಕಾರ್ಮಿಕರ ನೋಂದಣಿಗೆ ಕಲ್ಯಾಣ ಮಂಡಳಿ ಇರುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಚಾಲಕರ ಹಳೆಯ ದೂರುಗಳಿಗೆ ನೇರವಾಗಿ ತಾಗುವ ಅಂಶಗಳೂ ಇವೆ. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ನೋಟಿಸ್ ಕೊಡಬೇಕು. ಕೆಲಸ ಹಂಚಿಕೆ ಮತ್ತು ಮೌಲ್ಯಮಾಪನ ಯಾವ ಆಧಾರದ ಮೇಲೆ ನಡೆಯುತ್ತದೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು. ದೂರು ಕೇಳಲು ವ್ಯವಸ್ಥೆ ಇರಬೇಕು.

ಈ ಅಂಶಗಳು ಚಾಲಕನ ಮೊಬೈಲಿನವರೆಗೆ ತಲುಪಿದಾಗಲೇ ಕಾಯ್ದೆಗೆ ಅರ್ಥ ಬರುತ್ತದೆ. ರೇಟಿಂಗ್ ಇಳಿದರೆ ಕಾರಣ ತಿಳಿಯಬೇಕು, ಟ್ರಾಫಿಕ್‌ಗೂ ಮ್ಯಾಪಿನ ತಪ್ಪಿಗೂ ಬಿದ್ದ ಸ್ಟಾರ್ ಲೆಕ್ಕದಿಂದ ಹೊರಗುಳಿಯಬೇಕು, ಐಡಿ ನಿಲ್ಲಿಸುವ ಮುನ್ನ ಚಾಲಕನ ಮಾತನ್ನೂ ಕೇಳಬೇಕು. ಸ್ಟಾರ್ ಒತ್ತುವ ಪ್ರಯಾಣಿಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೇಸರ ತಂದದ್ದು ಚಾಲಕನ ನಡವಳಿಕೆಯೋ, ಅವನ ಕೈಮೀರಿದ ಸಂಗತಿಯೋ? ಮೊದಲನೆಯದಾದರೆ ಸ್ಟಾರಿನ ಮೂಲಕ ಹೇಳುವ ಹಕ್ಕು ಅವರಿಗಿದೆ. ಎರಡನೆಯದಾದರೆ ದೂರು ಕಂಪನಿಗೆ ಹೋಗಬೇಕು.